ಸೀಸೆ, ಒಳಲೆ ಮತ್ತು ತಾಯಿಯ ಹೊತ್ತು

ವೈರಮುಡಿ ಉತ್ಸವ ಮುಗಿದ ಮೇಲೆ ಮೇಲುಕೋಟೆಯ ಬೆಟ್ಟದಲ್ಲಿ ಉಳಿದ ಕಸವನ್ನು ಆಯುವುದು ನಮ್ಮ ಬಳಗದ ವಾಡಿಕೆ. ಈ ಸಲ ಕಲ್ಯಾಣಿಯ ಮೇಲ್ಭಾಗದ ಬಂಡೆಗಳ ಸಂದಿಯಲ್ಲಿ ನೀರಿನ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಬಳಸಿ ಎಸೆದ ಲೋಟಗಳ ಜೊತೆಗೆ ಹಸುಗೂಸುಗಳಿಗೆ ಹಾಲು ಕುಡಿಸುವ ಮೂರು ಪ್ಲಾಸ್ಟಿಕ್ ಬಾಟಲಿಗಳೂ ಸಿಕ್ಕವು. ಒಂದರ ತಳದಲ್ಲಿ ಹಾಲು ಒಡೆದು ಹೆಪ್ಪುಗಟ್ಟಿತ್ತು. ಅದನ್ನು ಗೋಣಿಚೀಲಕ್ಕೆ ಹಾಕುವ ಮುನ್ನ ಪಾಂಡವಪುರದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ನಮ್ಮಕ್ಕ ಬಾಣಂತನಕ್ಕೆ ಮನೆಗೆ ಬಂದವ್ಳೆ. ಇನ್ನು ಸ್ವಲ್ಪ ದಿನಕ್ಕೆ ಕೆಲಸಕ್ಕೆ ವಾಪಸ್ ಹೋಗ್ಬೇಕು. ಮಗೀಗೆ ಗಾಜಿನ ಬಾಟ್ಲಿ ತರೋದಾ, ಇಂಥದ್ದೇ ತರೋದಾ?"

"ಗಾಜಿನದು" ಎಂದು ಥಟ್ಟನೆ ಹೇಳಿದೆ. ಪ್ಲಾಸ್ಟಿಕ್ ಬೇಡವೆಂದು ಊರೂರು ತಿರುಗಿ ಹೇಳುವವರ ಬಾಯಲ್ಲಿ ಬೇರೆ ಉತ್ತರ ಬರಲಾರದು. ಆದರೆ ಬೆಟ್ಟ ಇಳಿಯುವಷ್ಟರಲ್ಲಿ ಆ ಉತ್ತರ ಅರ್ಧದ್ದೆಂದು ತೋರಿತು. ಆ ಹುಡುಗಿಗೆ ಸಲ್ಲಬೇಕಾದ ಉಳಿದರ್ಧವನ್ನು ಈ ಸಂಚಿಕೆಯ ಸಂಪಾದಕೀಯದಲ್ಲಿ ಬರೆಯುತ್ತಿದ್ದೇನೆ. ಶ್ರೀರಂಗಪಟ್ಟಣದ ಕರಿಘಟ್ಟದಿಂದ ನಾಗಮಂಗಲದ ಕೋಟೆಬೆಟ್ಟದವರೆಗೆ ನಮ್ಮ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇರುವುದರಿಂದ ಇದು ಎಲ್ಲ ಓದುಗ ಬಂಧುಗಳಿಗೂ ಸಲ್ಲುತ್ತದೆ.

ಮೊದಲು ಪ್ಲಾಸ್ಟಿಕ್ಕಿನ ಮಾತು. ಗಾಜಿನಂತೆ ಹೊಳೆಯುವ, ಬಿದ್ದರೂ ಒಡೆಯದ ಗಟ್ಟಿ ಹಾಲಿನ ಬಾಟಲಿ ಒಂದು ಕಾಲದಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ತಯಾರಾಗುತ್ತಿತ್ತು. ಅದರ ಮೂಲವಸ್ತು ಬಿಸ್ಫಿನಾಲ್-ಎ. ಈ ವಸ್ತು ಹೆಣ್ಣಿನ ದೇಹದ ಈಸ್ಟ್ರೋಜೆನ್ ಹಾರ್ಮೋನಿನಂತೆ ವರ್ತಿಸುತ್ತದೆಂಬುದನ್ನು ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು 1936ರಲ್ಲಿಯೇ ಪ್ರಕಟಿಸಿದ್ದರು. ಅದೇ ವಸ್ತುವಿನಿಂದ ಪಾಲಿಕಾರ್ಬೊನೇಟ್ ತಯಾರಿಸುವ ವಿಧಾನ 1953ರಲ್ಲಿ ಸಿದ್ಧವಾಯಿತು. ಮುಂದೆ ಅದು ಹಸುಗೂಸಿನ ಬಾಯಿಗೂ ಬಂತು. ಬಿಸಿನೀರು ತಗುಲಿದಾಗ, ಬ್ರಷ್ಷಿನಿಂದ ಉಜ್ಜಿ ಒಳಮೈ ಗೀರಾದಾಗ ಬಿಸ್ಫಿನಾಲ್ ಸ್ವಲ್ಪ ಸ್ವಲ್ಪವಾಗಿ ಹಾಲಿಗೆ ಇಳಿಯುತ್ತದೆ. ಹಾರ್ಮೋನುಗಳ ಕೆಲಸ ಅತ್ಯಲ್ಪ ಪ್ರಮಾಣದಲ್ಲಿಯೇ ನಡೆಯುವುದರಿಂದ, ಬೆಳೆಯುವ ಶಿಶುವಿಗೆ ಈ "ಸ್ವಲ್ಪ" ಎಂಬ ಮಾತು ಸಮಾಧಾನ ಕೊಡದು.

ಕೆನಡಾ ದೇಶ ಇಂಥ ಬಾಟಲಿಗಳನ್ನು ನಿಷೇಧಿಸುವ ನಿರ್ಧಾರವನ್ನು 2008ರಲ್ಲಿ ಪ್ರಕಟಿಸಿತು. ಯೂರೋಪಿಯನ್ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ಅದೇ ದಾರಿ ಹಿಡಿದವು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ 2015ರಲ್ಲಿ ಪ್ಲಾಸ್ಟಿಕ್ ಹಾಲಿನ ಬಾಟಲಿಗಳ ಮಾನದಂಡವನ್ನು ಪರಿಷ್ಕರಿಸಿ ಬಿಸ್ಫಿನಾಲ್-ಎ ಬಳಕೆಯನ್ನು ಹೊರಗಿಟ್ಟಿತು. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯಂತೂ ಈ ವಸ್ತುವಿನ ಸಹನೀಯ ಪ್ರಮಾಣವನ್ನು 2023ರಲ್ಲಿ ಒಮ್ಮೆಗೇ ಇಪ್ಪತ್ತು ಸಾವಿರ ಪಟ್ಟು ತಗ್ಗಿಸಿತು. ಹಿಂದೆ ಪರವಾಗಿಲ್ಲವೆಂದು ಹೇಳಿದ ಅಳತೆ ಎಷ್ಟು ತಪ್ಪಿರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಬೆಳೆಗಳಲ್ಲಿ ಉಳಿಯುವ ಕೀಟನಾಶಕದ ಅಂಶವನ್ನು ಶತಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ ಅಳೆಯುವುದು ನನ್ನ ವೃತ್ತಿಗೆ ಹೊಸದಲ್ಲ. 2009ರಲ್ಲಿ ನಮ್ಮ ಮನೆಯ ಮಗುವಿಗೆ ಹಾಲು ಕುಡಿಸುತ್ತಿದ್ದ ಪಾರದರ್ಶಕ ಬಾಟಲಿಯನ್ನು ಮಾತ್ರ ತಲೆಕೆಳಗು ಮಾಡಿ, ತಳದ ತ್ರಿಕೋನದಲ್ಲಿ ಯಾವ ಅಂಕೆಯಿದೆಯೆಂದು ಒಮ್ಮೆಯೂ ನೋಡಲಿಲ್ಲ. ಕುದಿಯುವ ನೀರಿಗೆ ದಿನವೂ ಹಾಕುತ್ತಿದ್ದೆವು. ಓದಿದವರ ಮನೆಯ ಕತೆ ಇದಾದರೆ, ಸಂತೆಯಲ್ಲಿ ಗುಡ್ಡೆ ಹಾಕಿದ ರಾಶಿಯಿಂದ ಬಾಟಲಿ ಆರಿಸುವ ತಾಯಿಯನ್ನು ಯಾವ ಮುಖ ಹೊತ್ತು ದೂರುವುದು?

ಈಗ ಅಂಗಡಿಗಳಲ್ಲಿರುವ ಬಹುಪಾಲು ಬಾಟಲಿಗಳು ಪಾಲಿಪ್ರೊಪಿಲೀನಿನವು. ತಳದಲ್ಲಿ 5 ಎಂಬ ಅಂಕೆ ಇರುತ್ತದೆ. ಇವುಗಳಲ್ಲಿ ಬಿಸ್ಫಿನಾಲ್ ಇಲ್ಲವೆಂಬುದು ನಿಜ. ಆದರೆ 2020ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಸಂಶೋಧಕರು ಇವನ್ನು ಪರೀಕ್ಷಿಸಿದಾಗ ಬೇರೊಂದು ಸಂಗತಿ ಹೊರಬಿತ್ತು. ಹಾಲಿನ ಪುಡಿ ಕಲಸುವ ಕ್ರಮದಲ್ಲಿಯೇ 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಹಾಕಿ ಕುಲುಕಿದಾಗ, ಕೆಲವು ಬಾಟಲಿಗಳಿಂದ ಲೀಟರಿಗೆ 1.6 ಕೋಟಿಯವರೆಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾದವು. ನೀರಿನ ಬಿಸಿ 95 ಡಿಗ್ರಿಗೆ ಏರಿದಾಗ ಸಂಖ್ಯೆ 5.5 ಕೋಟಿಗೆ ಏರಿತು. 25 ಡಿಗ್ರಿಯ ನೀರಿನಲ್ಲಿ 6 ಲಕ್ಷದ ಆಸುಪಾಸಿಗೆ ಇಳಿಯಿತು. ಈ ಕಣಗಳು ಮಗುವಿನ ದೇಹದಲ್ಲಿ ಏನು ಮಾಡುತ್ತವೆಂಬ ಸಂಶೋಧನೆ ಇನ್ನೂ ನಡೆಯುತ್ತಿದೆ. ಕಣಗಳನ್ನು ಬಿಡಿಸುವುದು ಬಿಸಿ ಎಂಬುದು ಮಾತ್ರ ಸ್ಪಷ್ಟ.

ಇಕ್ಕಟ್ಟು ಇರುವುದೂ ಇಲ್ಲಿಯೇ. ಹಾಲಿನ ಪುಡಿಯಲ್ಲಿ ಇರಬಹುದಾದ ರೋಗಾಣುಗಳನ್ನು ಕೊಲ್ಲಲು ನೀರು ಕನಿಷ್ಠ 70 ಡಿಗ್ರಿ ಬಿಸಿಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಟಲಿಯನ್ನು ಕುದಿಸದಿದ್ದರೆ ಹಾಲಿನ ಜಿಡ್ಡಿನಲ್ಲಿ ರೋಗಾಣು ಬೆಳೆದು ವಾಂತಿ-ಭೇದಿ ತಪ್ಪದು. ಮಗುವನ್ನು ಇಂದು ಕಾಪಾಡಲು ಬೇಕಾದ ಬಿಸಿಯೇ ಪ್ಲಾಸ್ಟಿಕ್ಕನ್ನು ಹಾಲಿಗೆ ಇಳಿಸುತ್ತದೆ. ಗಾಜಿಗೂ ಸ್ಟೀಲಿಗೂ ಈ ಇಕ್ಕಟ್ಟಿಲ್ಲ; ಎಷ್ಟು ಕುದಿಸಿದರೂ ಅವು ತಮ್ಮನ್ನು ಹಾಲಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಕೇಳಿದಷ್ಟಕ್ಕೇ ನಿಲ್ಲಿಸಿದರೆ ಗಾಜೇ ಗೆಲ್ಲುತ್ತದೆ.

ಗಾಜಿನ ಕಷ್ಟಗಳೂ ಇವೆ. ಬೆಲೆ ಹೆಚ್ಚು, ತೂಕ ಹೆಚ್ಚು. ಸಾಧಾರಣ ಗಾಜಿಗೆ ಒಮ್ಮೆಗೇ ಕುದಿನೀರು ಸುರಿದರೆ ಬಿರುಕು ಬಿಡುತ್ತದೆ. ಶಾಖ ತಾಳುವ ಬೋರೋಸಿಲಿಕೇಟ್ ಗಾಜಿನದನ್ನೇ ಕೇಳಿ ತರಬೇಕು. ಸಗಣಿ ಸಾರಿಸಿದ ನೆಲಕ್ಕಿಂತ ಸಿಮೆಂಟು ನೆಲ ಹೆಚ್ಚಾಗಿರುವ ಇಂದಿನ ಮನೆಗಳಲ್ಲಿ ಅದು ಒಡೆಯುವುದೂ ಬೇಗ. ಚೂರುಗಳು ತಿಪ್ಪೆ ಸೇರಿ ಗೊಬ್ಬರದೊಡನೆ ಗದ್ದೆಗೆ ಹೋದರೆ ನಾಟಿ ಹಾಕುವವರ ಕಾಲಿಗೆ ಅಪಾಯ. ಇವನ್ನೆಲ್ಲ ಎಚ್ಚರದಿಂದ ನಿಭಾಯಿಸಬಹುದು. ಇವಕ್ಕಿಂತ ದೊಡ್ಡ ಪಾಠವನ್ನು ಗಾಜಿನ ಬಾಟಲಿಯ ಚರಿತ್ರೆಯೇ ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಜಿನ ಹಾಲಿನ ಸೀಸೆಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸುವ ಪದ್ಧತಿಯಿತ್ತು. ಮಗು ತಾನೇ ಮಲಗಿ ಹಾಲು ಹೀರುತ್ತದೆ, ತಾಯಿಗೆ ಬಿಡುವು ಸಿಗುತ್ತದೆ ಎಂಬುದು ಅದರ ಆಕರ್ಷಣೆ. ಕೊಳವೆಯ ಒಳಗನ್ನು ತೊಳೆಯಲು ಸಾಧ್ಯವೇ ಇರಲಿಲ್ಲ. ಎಷ್ಟು ಶಿಶುಗಳು ಅದರಿಂದ ಸತ್ತವೆಂದರೆ ಜನ ಅದನ್ನು "ಕೊಲೆ ಸೀಸೆ" ಎಂದೇ ಕರೆದರು. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಅಲ್ಲಿ ಗಾಜು ಶುದ್ಧವಾಗಿಯೇ ಇತ್ತು. ಕೊಂದದ್ದು ಕೊಳವೆಯೊಳಗಿನ ಕೊಳೆ. ಇಂದಿನ ಬಾಟಲಿಗೆ ಕೊಳವೆಯಿಲ್ಲ, ಆದರೆ ರಬ್ಬರ್ ತೊಟ್ಟಿದೆ, ಅದರ ಸಂದಿಯಿದೆ, ಕಿರಿದಾದ ಕುತ್ತಿಗೆಯಿದೆ. ಕೈ ಹೋಗದ ಪಾತ್ರೆಯನ್ನು ನಮ್ಮ ಅಜ್ಜಿಯಂದಿರು ಹಾಲಿಗೆ ಬಳಸುತ್ತಿರಲಿಲ್ಲವೆಂಬುದನ್ನು ನೆನೆಯೋಣ.

ಬಾಟಲಿಯನ್ನು ತೊಳೆಯುವುದಕ್ಕೂ ಪುಡಿಯನ್ನು ಕಲಸುವುದಕ್ಕೂ ಬೇಕಾದ ನೀರಿನ ಮಾತು ಇನ್ನೊಂದು. ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಕನ್ನಂಬಾಡಿಯ ನಾಲೆಗಳಿವೆ. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರು ಬಂದಿದೆ. ನಾಗಮಂಗಲದ ಬಹುಭಾಗ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದೆ. ನಾಲೆಯ ಬಯಲಿನಲ್ಲಿ ಕಬ್ಬಿಗೂ ಭತ್ತಕ್ಕೂ ಸುರಿಯುವ ಯೂರಿಯಾದಲ್ಲಿ ಬೆಳೆ ಹೀರದೆ ಉಳಿದದ್ದು ನೈಟ್ರೇಟ್ ಆಗಿ ನೆಲದೊಳಕ್ಕೆ ಬಸಿಯುತ್ತದೆ. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿಗಳ ಪಾಲೂ ಅದಕ್ಕೆ ಸೇರುತ್ತದೆ. ಮಂಡ್ಯ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ನೈಟ್ರೇಟ್ ಮಿತಿಯನ್ನು ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ದಾಖಲಿಸಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರು ಇದಕ್ಕಿಂತ ಹೆಚ್ಚಿನದನ್ನು ತಾಳಬಹುದು. ಮೂರು ನಾಲ್ಕು ತಿಂಗಳ ಕೂಸು ತಾಳದು. ಅದರ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ರಕ್ತಕ್ಕೆ ಸೇರಿ, ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ತುಟಿ, ಉಗುರು ನೀಲಿಗಟ್ಟುವುದರಿಂದ ಇದಕ್ಕೆ "ನೀಲಿ ಕೂಸಿನ ರೋಗ" ಎಂಬ ಹೆಸರು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ; ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಗಾಜಿನ ಬಾಟಲಿ ತಂದೆವೆಂದು ನಿಶ್ಚಿಂತರಾದ ಮನೆಯಲ್ಲಿ, ಗದ್ದೆಗೆ ಸುರಿದ ಗೊಬ್ಬರ ಬೋರ್‌ವೆಲ್ಲಿನ ಮೂಲಕ ಕೂಸಿನ ಬಾಯಿಗೆ ಬರಬಹುದು. ನಮ್ಮ ಹೊಲದ ಲೆಕ್ಕ ಬೇರೆ, ತೊಟ್ಟಿಲ ಲೆಕ್ಕ ಬೇರೆ ಎಂದು ಬಗೆಯುವಂತಿಲ್ಲ.

ಹಾಗಾದರೆ ಬಾಟಲಿ ಬರುವುದಕ್ಕೆ ಮುಂಚೆ ಎದೆಹಾಲು ಸಾಲದ ಕೂಸುಗಳಿಗೆ ನಮ್ಮವರು ಏನು ಮಾಡುತ್ತಿದ್ದರು? ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ಇಳಿಸಿ ನೋಡಿದರೆ ಅನೇಕ ಮನೆಗಳಲ್ಲಿ ಉತ್ತರ ಸಿಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಟ್ಟಲು, ಒಂದು ಕಡೆ ಕೊಕ್ಕಿನಂತೆ ಚಾಚಿದ ಮೂತಿ: ಅದೇ ಒಳಲೆ. ಅನುಕೂಲವಂತರಲ್ಲಿ ಬೆಳ್ಳಿಯದು, ಉಳಿದವರಲ್ಲಿ ಕಂಚಿನದೋ ಹಿತ್ತಾಳೆಯದೋ. ಅದಕ್ಕೆ ಕುತ್ತಿಗೆಯಿಲ್ಲ, ತೊಟ್ಟಿಲ್ಲ, ಸಂದಿಯಿಲ್ಲ. ಬೆರಳಾಡಿಸಿ ತೊಳೆದು ಬಿಸಿಲಿಗಿಟ್ಟರೆ ಮುಗಿಯಿತು. ತಮಿಳರ ಪಾಲಾಡೈ ಇದೇ. ತಾಯಿಹಾಲು ನೇರವಾಗಿ ಸಿಗದ ಕೂಸಿಗೆ ಬಾಟಲಿಯ ಬದಲು ಬಟ್ಟಲಿನಲ್ಲಿ ಕುಡಿಸಿರೆಂದು ಇಂದಿನ ಮಕ್ಕಳ ವೈದ್ಯರು ಹೇಳುವುದೂ ಇದನ್ನೇ.

ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಕಣ್ಣಿಗೊತ್ತಿಕೊಳ್ಳುವಂತಿಲ್ಲ. ನಾಗಮಂಗಲದ ಎರಕದ ಕೆಲಸಕ್ಕೆ ಹಿಂದಿನಿಂದ ಹೆಸರಿದೆ. ಹಿತ್ತಾಳೆ, ಕಂಚುಗಳ ಮೇಲೆ ನಮಗೆ ಅಭಿಮಾನವೂ ಇದೆ. ಆದರೆ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹಾಲನ್ನು ಕಾಯಿಸಿ ಇಟ್ಟರೆ ತಾಮ್ರ ಹಾಲಿಗೆ ಇಳಿಯುತ್ತದೆ. ಎಳೆಯ ಮಕ್ಕಳ ಯಕೃತ್ತನ್ನು ಗಟ್ಟಿಗೊಳಿಸಿ ಕೊಲ್ಲುತ್ತಿದ್ದ ಒಂದು ಕಾಯಿಲೆಗೂ ಈ ತಾಮ್ರಕ್ಕೂ ಇರುವ ನಂಟನ್ನು ಪುಣೆಯ ವೈದ್ಯರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಹಿತ್ತಾಳೆಯ ಜಾಗಕ್ಕೆ ಸ್ಟೀಲ್ ಬಂದಂತೆ ಆ ಕಾಯಿಲೆ ಹೆಚ್ಚುಕಡಿಮೆ ಕಣ್ಮರೆಯಾಯಿತು. ಹಿಂದೆ ಊರಿಗೆ ಬರುತ್ತಿದ್ದ ಕಲಾಯಿ ಹಾಕುವವನು ಪಾತ್ರೆಗೆ ಹೊಳಪು ಕೊಡುವುದರ ಜೊತೆಗೆ ಮಕ್ಕಳ ಜೀವವನ್ನೂ ಕಾಯುತ್ತಿದ್ದನೆಂದು ಈಗ ಅರಿವಾಗುತ್ತದೆ. ಒಳಲೆಯ ಆಕಾರ ಅಜ್ಜಿಯದಿರಲಿ, ಲೋಹ ಮಾತ್ರ ಸ್ಟೀಲಿನದಿರಲಿ. ಕುಡಿಸುವ ಕ್ರಮವನ್ನೂ ತಿದ್ದಿಕೊಳ್ಳಬೇಕು: ಕಾಲ ಮೇಲೆ ಮಲಗಿಸಿ, ಅಳುವ ಕೂಸಿನ ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮಗುವಿನ ತಲೆಯನ್ನೆತ್ತಿ ಕುಳ್ಳಿರಿಸಿದಂತೆ ಹಿಡಿದು, ಮೂತಿಯನ್ನು ತುಟಿಗೆ ತಾಗಿಸಿ, ಅದು ಚಪ್ಪರಿಸಿ ನುಂಗಿದಷ್ಟೇ ಕೊಡಬೇಕು.

ಬಾಟಲಿಯೂ ಒಳಲೆಯೂ ತಾಯಿಯ ಎದೆಗೆ ಎರಡನೆಯವು ಎಂಬುದನ್ನು ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಸು ಈದ ಕೂಡಲೇ ಗಿಣ್ಣುಹಾಲನ್ನು ಕರುವಿಗೆ ಕುಡಿಸದಿದ್ದರೆ ಕರು ಬದುಕುವುದು ಕಷ್ಟವೆಂದು ನಾವು ಬಲ್ಲೆವು. ಕರು ಕುಡಿದು ಉಳಿದದ್ದಷ್ಟೇ ನಮ್ಮ ಗಿಣ್ಣಿಗೆ. ಅದೇ ಮನೆಯಲ್ಲಿ ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪ ನೆಕ್ಕಿಸಿದ ಉದಾಹರಣೆಗಳುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದರೂ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಮೊದಲ ಆರು ತಿಂಗಳು ಬೇರೇನೂ ಕೊಡದೆ ತಾಯಿಹಾಲನ್ನೇ ಉಣಿಸಿದ್ದು ಶೇ. 63.7.

ಈ ಅಂತರದಲ್ಲಿಯೇ ಬಾಟಲಿಯ ಮಾರುಕಟ್ಟೆ ನಿಂತಿದೆ. ಅದನ್ನು ಹತೋಟಿಯಲ್ಲಿಡಲು ನಮ್ಮಲ್ಲಿ 1992ರ ಶಿಶು ಹಾಲು ಬದಲಿಗಳು, ಹಾಲಿನ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆಯಿದೆ; 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಅದರಂತೆ ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಉಚಿತ ಮಾದರಿಯನ್ನೋ ಉಡುಗೊರೆಯನ್ನೋ ಹಂಚುವಂತಿಲ್ಲ, ಮಾನಕ ಬ್ಯೂರೋದ ಮುದ್ರೆಯಿಲ್ಲದ ಬಾಟಲಿಯನ್ನು ಮಾರುವಂತಿಲ್ಲ. ನಾಲ್ಕೂ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮೂರಿನ ಸಂತೆಯಲ್ಲಿ, ಔಷಧಿ ಅಂಗಡಿಯಲ್ಲಿ ಹಾಲಿನ ಬಾಟಲಿಗಳನ್ನು ತಲೆಕೆಳಗು ಮಾಡಿ ಐ.ಎಸ್.ಐ. ಮುದ್ರೆಯಿದೆಯೇ ಎಂದು ನೋಡಿ ಬರೆದುಕೊಂಡು ಬರಲಿ. ಅಂಗಡಿಯವರೊಡನೆ ಜಗಳ ಬೇಡ; ಕಂಡದ್ದನ್ನು ದಾಖಲಿಸಿ ಸಂಬಂಧಪಟ್ಟ ಅಧಿಕಾರಿಗಳಿಗೆ ಬರೆಯೋಣ.

ಇಷ್ಟು ಹೇಳಿ "ಎಲ್ಲರೂ ಎದೆಹಾಲನ್ನೇ ಕೊಡಿ" ಎಂದು ಮುಗಿಸಿದರೆ ಅದು ಅನ್ಯಾಯದ ಉಪದೇಶವಾದೀತು. ಕಬ್ಬು ಕಡಿಯುವ ಕಾಲದಲ್ಲಿ ಬಳ್ಳಾರಿಯ ಕಡೆಯಿಂದ ಬರುವ ತಂಡಗಳ ಹೆಂಗಸರನ್ನು ನೋಡಿದ್ದೇವೆ. ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ, ಜೋಲಿಯ ಪಕ್ಕ ಐದಾರು ವರ್ಷದ ಅಕ್ಕ, ಅವಳ ಕೈಯಲ್ಲಿ ಬಾಟಲಿ. ತಾಯಿ ನಾಲ್ಕು ಗದ್ದೆಯಾಚೆ ಸೋಗೆಯ ನಡುವೆ. ಅವಳ ಎದೆಯಲ್ಲಿ ಹಾಲಿದೆ, ಬರುವುದಕ್ಕೆ ಹೊತ್ತಿಲ್ಲ, ಕಡಿದಷ್ಟಕ್ಕೆ ಕೂಲಿ. ಆಲೆಮನೆಯ ಬಿಸಿಯಲ್ಲಿ ದುಡಿಯುವವಳಿಗೂ, ಬೆಳಗಿನ ಬಸ್ಸಿಗೆ ಗಾರ್ಮೆಂಟ್ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುವವಳಿಗೂ ಇದೇ ಪಾಡು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದಾಗ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ ಅನುಕೂಲವಾಯಿತು. ಕಬ್ಬಿನ ಗದ್ದೆಯಲ್ಲಿ ಹಾಜರಿ ಪುಸ್ತಕವೇ ಇಲ್ಲ. ಇಂಥ ತಾಯಿಯ ಕೈಯಲ್ಲಿ ಬಾಟಲಿ ಕಂಡಾಗ ನಾವು ಕೇಳಬೇಕಾದದ್ದು ಅದು ಯಾವ ವಸ್ತುವಿನದೆಂದಲ್ಲ, ಅವಳ ಹೊತ್ತನ್ನು ಯಾರು ಕೊಂಡರೆಂದು.

ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಆಗಿದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಮಹಿಳೆಯರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆಯುತ್ತಿದೆಯೇ, ಕಬ್ಬಿನ ಕೂಲಿಯವರ ಮಕ್ಕಳಿಗೂ ಪ್ರವೇಶವಿದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಇದರ ಜೊತೆಗೇ ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ಓದಿ ಹೇಳಲು ಕೇಳಿ. ಅದರಲ್ಲಿ ನೈಟ್ರೇಟಿನ ಅಂಕೆ ಇರಲೇಬೇಕು. ಕಬ್ಬು ಬೆಳೆಯುವ ನಾವು ಮಾಡಬಹುದಾದದ್ದು ಇನ್ನೂ ಸುಲಭ: ನಮ್ಮ ಗದ್ದೆಯಲ್ಲಿ ಕಡಿತ ನಡೆಯುವ ದಿನ ಒಂದು ನೆರಳು, ಒಂದು ಕೊಡ ಒಳ್ಳೆಯ ನೀರು, ಕೂಲಿ ಕಡಿಯದೆ ಹಾಲೂಡಿಸುವ ಬಿಡುವು.

ಇನ್ನು ಮನೆಯ ಮಟ್ಟಿನ ಮಾತನ್ನು ಕ್ರಮವಾಗಿ ಹೇಳುತ್ತೇನೆ. ಮೊದಲ ಆರು ತಿಂಗಳು ತಾಯಿಯ ಎದೆಹಾಲು ಮಾತ್ರ; ನೀರೂ ಬೇಡ. ತಾಯಿ ಹೊರಗೆ ಹೋಗಲೇಬೇಕಾದರೆ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿಗೆ ಹಾಲನ್ನು ಹಿಂಡಿ ಮುಚ್ಚಿಟ್ಟು ಹೋಗಬಹುದು. ತಣ್ಣನೆಯ ಜಾಗದಲ್ಲಿ ಅದು ನಾಲ್ಕು ಗಂಟೆ ಕೆಡದು. ನಮ್ಮ ಬೇಸಿಗೆಯಲ್ಲಿ ಅದಕ್ಕೂ ಮುಂಚೆಯೇ ಕುಡಿಸಿಬಿಡುವುದು ಲೇಸು. ಕುಡಿಸುವುದು ಒಳಲೆಯಲ್ಲಿ ಅಥವಾ ಚಿಕ್ಕ ಲೋಟದಲ್ಲಿ. ತಾಯಿಯಿಲ್ಲದ ಕೂಸು, ಕಾಯಿಲೆಯ ತಾಯಿ ಮುಂತಾದ ಸಂದರ್ಭಗಳಲ್ಲಿ ವೈದ್ಯರು ಹೇಳಿದ ಹಾಲನ್ನೂ ಹೀಗೆಯೇ ಕೊಡಬಹುದು. ಬಾಟಲಿ ಅನಿವಾರ್ಯವಾದರೆ ಅಗಲ ಬಾಯಿಯ, ಚಿತ್ರ-ಬಣ್ಣಗಳಿಲ್ಲದ, ಶಾಖ ತಾಳುವ ಗಾಜಿನದು. ಅದೂ ಕೈಗೆಟುಕದಿದ್ದರೆ ಐ.ಎಸ್.ಐ. ಮುದ್ರೆಯ ಪಾಲಿಪ್ರೊಪಿಲೀನಿನದು, ಆದರೆ ಹಾಲನ್ನು ಸ್ಟೀಲ್ ಪಾತ್ರೆಯಲ್ಲಿ ಬಿಸಿಯಾಗಿ ಕಲಸಿ, ಬೆಚ್ಚಗಾದ ಮೇಲಷ್ಟೇ ಬಾಟಲಿಗೆ ಹಾಕಿ. ಕುದಿಸಿದ ಬಾಟಲಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಬಾರಿ ಜಾಲಿಸಿ. ಒಳಮೈ ಗೀರಾದದ್ದನ್ನು, ಮಂಕಾದದ್ದನ್ನು ಬಿಟ್ಟುಬಿಡಿ. ಬೆಟ್ಟದಲ್ಲಿ ಎಸೆಯಬೇಡಿ, ಒಲೆಗೂ ಹಾಕಬೇಡಿ.

ಆ ವಿದ್ಯಾರ್ಥಿನಿಗೆ ನಾನು ಮತ್ತೊಮ್ಮೆ ಹೇಳಬೇಕಾದದ್ದು ಇಷ್ಟು: ಗಾಜೋ ಪ್ಲಾಸ್ಟಿಕ್ಕೋ ಎಂದರೆ ಗಾಜು. ಗಾಜೋ ಒಳಲೆಯೋ ಎಂದರೆ ಒಳಲೆ. ಆದರೆ ಅಂಗಡಿಗೆ ಹೋಗುವ ಮುನ್ನ ಅಕ್ಕನಿಗೆ ಇನ್ನೆಷ್ಟು ದಿನ ರಜೆ ಉಳಿದಿದೆಯೆಂದು ಕೇಳು, ಕೆಲಸದ ಜಾಗದಲ್ಲಿ ಮಗುವನ್ನು ಇಟ್ಟುಕೊಳ್ಳಲು ಕೋಣೆಯಿದೆಯೇ ಎಂದು ಕೇಳು. ಇಲ್ಲವೆಂದಾದರೆ ನಮ್ಮ ಬಳಗದ ಮುಂದಿನ ಸಭೆಗೆ ಅವಳನ್ನೂ ಕೂಸನ್ನೂ ಕರೆದುಕೊಂಡು ಬಾ. ಬೆಟ್ಟದ ಕಸ ಆಯುವ ಕೈಗಳು ಆ ಅರ್ಜಿಯನ್ನೂ ಬರೆಯಬಲ್ಲವು.